ಕೆಮ್ಮು ಇದ್ದ ರೆಕಾರ್ಡಿಂಗು

ಮದುವೆ ಮುರಿದ ಮೇಲೆ ಮದ್ದೂರಿನ ಮನೆ ಬಿಟ್ಟು ಮಳವಳ್ಳಿಗೆ ಬಂದೆ. ನಾನು ಗ್ರಂಥಪಾಲಕನಾಗಿರುವ ಕಾಲೇಜು ಅಲ್ಲೇ ಇತ್ತು. ಸಾಮಾನು ಹಂಚಿಕೊಳ್ಳುವಾಗ ನಾವಿಬ್ಬರೂ ಜಗಳವಾಡಲಿಲ್ಲ. ಫ್ರಿಜ್ ಅವಳಿಗೆ, ಮಿಕ್ಸಿ ನನಗೆ. ಸಿಡಿಗಳ ಪೆಟ್ಟಿಗೆ ಮಾತ್ರ ಮೊದಲಿನಿಂದಲೂ ಅವಳದೇ.

ಆ ಪೆಟ್ಟಿಗೆಯಲ್ಲಿ ಒಂದು ಸಿಂಫನಿ ಇತ್ತು. ಹತ್ತೊಂಬತ್ತನೇ ಶತಮಾನದ ಯುರೋಪಿನದು, ಮುಕ್ಕಾಲು ಗಂಟೆ ನಡೆಯುವಂಥದು. ಭಾನುವಾರ ಬೆಳಗ್ಗೆ ಅವಳು ಅದನ್ನು ಹಾಕುತ್ತಿದ್ದಳು, ನಾನು ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದೆ. ಎರಡನೆಯ ಭಾಗದಲ್ಲಿ ಪಿಟೀಲುಗಳೆಲ್ಲ ಮೆತ್ತಗಾಗಿ, ಹಾರ್ನ್ ವಾದ್ಯವೊಂದೇ ಮೇಲೇಳುತ್ತದೆ. ಕಛೇರಿ ನಡೆಯುವಾಗಲೇ ಮುದ್ರಿಸಿಕೊಂಡದ್ದು; ಸರಿಯಾಗಿ ಅದಕ್ಕೆ ಮುಂಚೆ ಸಭೆಯಲ್ಲಿ ಯಾರೋ ಕೆಮ್ಮುತ್ತಿದ್ದರು. ಆಗೆಲ್ಲ ಅವಳು, "ಪಾಪ, ಇವ್ನಿಗಿನ್ನೂ ನೆಗಡಿ ಬಿಟ್ಟಿಲ್ಲ ಕಣ್ರೀ" ಅನ್ನುತ್ತಿದ್ದಳು. ಇಬ್ಬರೂ ನಗುತ್ತಿದ್ದೆವು.

ಮಳವಳ್ಳಿಯ ಮೊದಲ ಭಾನುವಾರ ಒಬ್ಬನೇ ಸೊಪ್ಪು ಬಿಡಿಸಲು ಕುಳಿತಾಗ ಮನೆಯ ಮೌನ ತಡೆಯಲಾಗಲಿಲ್ಲ. ಫೋನಿನಲ್ಲಿ ಆ ಸಿಂಫನಿಯನ್ನು ಹುಡುಕಿದೆ. ಹತ್ತಾರು ಬಂದವು. ಕೃತಿ ಒಂದೇ, ಊರೂರಿನ ವಾದ್ಯವೃಂದ, ನಿರ್ದೇಶಕರೂ ಬೇರೆ ಬೇರೆ. ನಮ್ಮ ಸಿಡಿ ಯಾರದೆಂದು ನಾನು ಒಮ್ಮೆಯೂ ಓದಿರಲಿಲ್ಲ. ಗ್ರಂಥಪಾಲಕನಾಗಿ ಇದನ್ನು ಹೇಳಿಕೊಳ್ಳಲು ನಾಚಿಕೆ. ಅವಳನ್ನೇ ಕೇಳಬಹುದಿತ್ತು, ಕೇಳಲಿಲ್ಲ.

ಸಂಜೆ ಕಾಲೇಜಿನಿಂದ ಬಂದು ಒಂದೊಂದನ್ನೇ ಕೇಳತೊಡಗಿದೆ. ಒಂದರಲ್ಲಿ ತಮಟೆಯಂಥ ದೊಡ್ಡ ವಾದ್ಯ ಉಳಿದದ್ದನ್ನೆಲ್ಲ ನುಂಗಿಬಿಡುತ್ತಿತ್ತು. ಇನ್ನೊಂದು ತೀರಾ ಹಳೆಯದು, ಬಾಣಲೆಯಲ್ಲಿ ಒಗ್ಗರಣೆ ಸಿಡಿದಂತೆ ಚಟಪಟ ಸದ್ದು. ಮತ್ತೊಂದು ಎಷ್ಟು ನಿಧಾನವೆಂದರೆ, ಹಾರ್ನ್ ಊದುವವನು ಮುಂದಿನ ಸ್ವರಕ್ಕೆ ಹೋಗುವನೋ ಇಲ್ಲವೋ ಎಂದು ನಾನೇ ಉಸಿರು ಹಿಡಿದು ಕೂರುತ್ತಿದ್ದೆ. ಯಾವುದರಲ್ಲೂ ಕೆಮ್ಮು ಇರಲಿಲ್ಲ.

ಮೂರು ತಿಂಗಳಾದ ಮೇಲೆ, ಒಂದು ಶನಿವಾರ ಸಂಜೆ ಅದು ಕೇಳಿಸಿತು. ಎರಡು ಸಲ, ಒಣ ಕೆಮ್ಮು. ಕಣ್ಣು ತುಂಬಿ ಬಂತು. ಆ ಖುಷಿಯಲ್ಲಿ ಅವಳಿಗೆ ಮೆಸೇಜು ಹಾಕಿಬಿಟ್ಟೆ: "ಆ ಕೆಮ್ಮು ಇರೋ ರೆಕಾರ್ಡಿಂಗ್ ಸಿಕ್ತು."

ಮಾರನೇ ದಿನ ಮಧ್ಯಾಹ್ನ ಉತ್ತರ ಬಂತು. "ಯಾವ ಕೆಮ್ಮು?"

ವಿವರಿಸಿ ಬರೆಯಲು ಕುಳಿತು, ಬರೆದದ್ದನ್ನು ಅಳಿಸಿದೆ. ಮತ್ತೆ ಅದೇ ರೆಕಾರ್ಡಿಂಗು ಹಾಕಿದೆ. ಆಗ ಕೆಳಗಿನ ಮನೆಯ ಯಜಮಾನಿ, ಎಪ್ಪತ್ತು ದಾಟಿದಾಕೆ, ಮಹಡಿ ಮೇಲೆ ಒಣಹಾಕಿದ್ದ ಹುರುಳಿ ಎತ್ತಲು ಬಂದವರು ಬಾಗಿಲಲ್ಲಿ ನಿಂತರು.

"ಏನ್ ಸಾ, ದಿನಾ ಅದ್ನೇ ಆಕ್ತೀರಲ್ಲ. ನಿಮ್ ತಾವ ಬ್ಯಾರೆ ಇಲ್ವಾ?"

"ಬೇರೆ ಬೇರೆಯವರು ನುಡಿಸಿರೋದು, ಅವ್ವಾ."

ಅವರು ಮೊರವನ್ನು ಸೊಂಟಕ್ಕಾನಿಸಿ ಸ್ವಲ್ಪ ಹೊತ್ತು ಕೇಳಿದರು. "ಮೊನ್ನೆ ಆಕಿದ್ರಲ್ಲ, ನಿಧಾನುಕ್ಕೆ ಊದ್ತಿದ್ದ, ಅದು ವಾಸಿ. ಇವ್ನು ಯಾರೋ ಅಟ್ಟುಸ್ಕಂಡು ಬಂದಂಗೆ ಓಡ್ತಾವ್ನೆ."

ನನಗೆ ಸಿಟ್ಟು ಬಂತು. "ಇದು ನಮ್ಮನೇಲಿ ಇದ್ದಿದ್ದು ಅವ್ವಾ."

"ಇದ್ರೆ ಇರ್ಲಿ ಬುಡಿ. ಮನೇಲಿತ್ತು ಅಂತ ಚೆಂದಾಗಿರ್ಬೇಕಾ?" ಎಂದು ಮೆಟ್ಟಿಲಿಳಿದು ಹೋದರು.

ಆ ವಾರವೆಲ್ಲ ಎರಡನ್ನೂ ಒಂದಾದ ಮೇಲೊಂದು ಕೇಳಿದೆ. ಆಕೆ ಹೇಳಿದ್ದು ನಿಜ. ನಮ್ಮ ರೆಕಾರ್ಡಿಂಗಿನಲ್ಲಿ ಹಾರ್ನ್ ಊದುವವನಿಗೆ ನಿಲ್ಲಲು ಬಿಡುವೇ ಇರಲಿಲ್ಲ. ಅಷ್ಟು ವರ್ಷ ನಾವು ಕಾಯುತ್ತಿದ್ದದ್ದು ಕೆಮ್ಮಿಗೆ, ಅದರ ಹಿಂದೆಯೇ ಬರುತ್ತಿದ್ದ ಹಾರ್ನನ್ನು ನಾನಂತೂ ಕೇಳಿಸಿಕೊಂಡೇ ಇರಲಿಲ್ಲ.

ನಿಧಾನದ್ದನ್ನೇ ಆರಿಸಿಕೊಂಡೆ. ಸೋಮವಾರ ಕೆಲಸದ ಮೇಲೆ ಮಂಡ್ಯಕ್ಕೆ ಹೋಗುವಾಗ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಅದನ್ನು ಪೂರ್ತಿ ಕೇಳಿದೆ. ಕಬ್ಬಿನ ಲಾರಿಗಳ ಹಿಂದೆ ಬಸ್ಸು ತೆವಳುತ್ತಿತ್ತು. ಮುಗಿದಾಗ, ಇದೇ ಸರಿ, ಇದಕ್ಕಿಂತ ಚೆನ್ನಾಗಿರುವುದು ಇನ್ನೊಂದಿಲ್ಲ ಎಂದು ಯಾರಿಗಾದರೂ ಹೇಳಬೇಕೆನ್ನಿಸಿತು. ಪಕ್ಕದ ಸೀಟಿನವರು ನನ್ನ ಕಡೆ ತಿರುಗಿದರು.

"ಮ್ಯಾಚು ಸ್ಕೋರ್ ಎಷ್ಟಾಯ್ತು ಸಾ?"

"ಗೊತ್ತಿಲ್ಲ" ಎಂದೆ.