ಚಹಾ ಕುಡಿದವರ ರಕ್ತ

ಹೋದ ವಾರ ಶಿಗ್ಗಾಂವಿಯ ಲ್ಯಾಬಿನಲ್ಲಿ ನನ್ನ ತೋಳಿಗೆ ಸ್ಪಿರಿಟ್ ಹಚ್ಚಿದರು. ಮೂಗಿಗೆ ಚುರ್ರೆನ್ನುವ ಆ ವಾಸನೆಗೆ ಸವಣೂರಿನ ನಮ್ಮ ಮನೆಯ ಹೊರಗಿನ ಕೋಣೆ ನೆನಪಾಯಿತು... ಅದರಲ್ಲಿ ಬಾಡಿಗೆಗಿದ್ದ ಡಾಕ್ಟರ್‌ಬಾಯಾರೂ.

ಮೈಸೂರು ಕಡೆಯ ಹೆಣ್ಣುಮಗಳು. ರೋಗ ವಾಸಿ ಮಾಡುವ ಡಾಕ್ಟರಲ್ಲ, ರೋಗದ ಬಗ್ಗೆ ಬರೆಯುವ ಡಾಕ್ಟರು. ಉಂಡದ್ದು ರಕ್ತದಲ್ಲಿ ಏನಾಗುತ್ತದೆ, ಆ ರಕ್ತ ಹೃದಯಕ್ಕೇನು ಮಾಡುತ್ತದೆ ಎಂಬುದು ಅವರ ವಿಷಯ. ಅದಕ್ಕೆ ಖಾಲಿ ಹೊಟ್ಟೆಯ ಜನ ಬೇಕಿತ್ತು. ಸವಣೂರಿಗೆ ಬಂದು ಖಾಲಿ ಹೊಟ್ಟೆ ಹುಡುಕಿದ ಮೊದಲ ವಿಜ್ಞಾನಿ ಬಹುಶಃ ಅವರೇ.

ಬೆಳಿಗ್ಗೆ ಯಲವಿಗಿಯ ಬಸ್ಸಿಗೆ ಬಂದವರೂ ಓಣಿಯವರೂ ನಮ್ಮ ಕಟ್ಟೆಯ ಮೇಲೆ ಕೂರುತ್ತಿದ್ದರು. ಬಾಯಾರು ಒಬ್ಬೊಬ್ಬರನ್ನೇ ಒಳಗೆ ಕರೆದು ರಕ್ತ ತೆಗೆಯುತ್ತಿದ್ದರು. ಯಾರದು ನೋಡಿದರೂ ಸಕ್ಕರೆ ಏರಿಯೇ ಇತ್ತು. ಊರಿಗೆ ಊರೇ ಹೀಗಿರಲು ಸಾಧ್ಯವೇ ಎಂದು ಕಂಗಾಲಾಗಿ ಒಂದು ದಿನ ಹೊರಗೆ ಬಂದರೆ, ಅವ್ವ ತಾಟಿನಲ್ಲಿ ಕಪ್ಪು ಜೋಡಿಸಿಕೊಂಡು ನಿಂತಿದ್ದಳು.

“ಅಮ್ಮಾ, ಇವರಿಗೆಲ್ಲ ಟೀ ಕೊಟ್ರಾ?”

“ಮತ್ತ? ಕಟ್ಟಿ ಮ್ಯಾಲ ಕುಂತಾವ್ರನ್ನ ಹಂಗ ಕಳಸಾಕಾಗ್ತೇತೇನ್ರಿ? ತಿನ್ನಾಕ ಏನೂ ಕೊಟ್ಟಿಲ್ಲ ಬಿಡ್ರಿ. ಬರೇ ಚಾ.”

ಎದುರು ಮನೆಯ ಚಾಚಾ ಸಾಕ್ಷಿ ನುಡಿದರು: “ಖರೇ ಐತ್ರಿ ಬಾಯಾರ. ನಾನೂ ಖಾಲಿ ಹೊಟ್ಟೀಲೇ ಎರಡ ಕಪ್ ಕುಡದೇನಿ.”

ಅಲ್ಲಿಯವರೆಗಿನ ರಕ್ತವೆಲ್ಲ ವ್ಯರ್ಥ. ಮೇಲಿನವರು ಕೆಲಸ ನಿಲ್ಲಿಸಿ ವಾಪಸು ಕರೆಸುವುದು ಖಚಿತವಿತ್ತು. ಹೆಣ್ಣುಮಕ್ಕಳಿಲ್ಲದ ಅವ್ವ ಅಂದು ಉಣ್ಣಲಿಲ್ಲ. “ನನ್ನ ಚಾದಿಂದ ಆಕಿ ಹೊಂಟ್ಳಲ್ಲೋ,” ಎಂದಳು.

ಬಾಯಾರು ಹೊರಡಲಿಲ್ಲ. ಬಾಗಿಲು ಹಾಕಿಕೊಂಡು ಯೋಚಿಸಿ, “ಅಮ್ಮಾ, ಇನ್ಮೇಲೆ ಎಲ್ಲರಿಗೂ ಒಂದೇ ಕಪ್ಪು, ಒಂದೇ ಅಳತೆ ಸಕ್ಕರೆ. ನಾನು ಹೇಳಿದಾಗ ಕೊಡಿ,” ಎಂದರು. ಚಹಾಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ರಕ್ತ ತೆಗೆದರು. ಹೀಗೆ ಅವ್ವ ವಿಜ್ಞಾನದ ಸೇವೆಗೆ ಸೇರಿದಳು. ಚಾಚಾ ಇನ್ನೊಂದು ಚಮಚ ಸಕ್ಕರೆ ಕೇಳಿದರೆ, “ಸುಮ್ನ ಕುಡೀರಿ, ಅಳತಿ ಐತಿ!”

ಆ ಲೆಕ್ಕಗಳಿಂದ ಬಾಯಾರು ಬರೆದ ಪ್ರಬಂಧ ಹೊರದೇಶದ ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ನೋಡಿಯೇ ಯಾವುದೋ ದೊಡ್ಡ ಸಂಸ್ಥೆ ಅವರನ್ನು ಕರೆಸಿಕೊಂಡಿತು. ಚಹಾ ಕೆಲಸ ಕೆಡಿಸಿದ್ದರೂ ಹೋಗುತ್ತಿದ್ದರು. ಉದ್ಧಾರ ಮಾಡಿದ್ದಕ್ಕೂ ಹೋದರು. “ಬರ್ತೀನಮ್ಮಾ” ಎಂದವರು ಬರಲಿಲ್ಲ... ಆ ಕೋಣೆಗೆ ಎಷ್ಟೋ ಜನ ಬಂದುಹೋದರೂ ಅವ್ವ ಅದನ್ನು ಇಂದಿಗೂ ಬಾಯಾರ ಖೋಲಿ ಎನ್ನುತ್ತಾಳೆ.

ನಾನು ವರ್ಷಕ್ಕೊಮ್ಮೆ ಫೋನಿನಲ್ಲಿ ಅವರ ಹೆಸರು ಹುಡುಕುತ್ತಿದ್ದೆ. ಪ್ರಬಂಧಗಳ ಪಟ್ಟಿ ಉದ್ದವಾಗುತ್ತಿತ್ತು: ಬೊಜ್ಜು, ರಕ್ತನಾಳ, ಇಲಿಯ ಹೃದಯ. ಅರ್ಥವಾಗುತ್ತಿರಲಿಲ್ಲ, ಅವರು ಎಲ್ಲೋ ಕೂತು ಬರೆಯುತ್ತಿದ್ದಾರೆ ಎನ್ನುವುದಷ್ಟೇ ಸಾಕಾಗುತ್ತಿತ್ತು.

“ಈ ವರ್ಷ ಏನ್ ಬರದಾಳ?” ಅವ್ವ ಕೇಳುತ್ತಿದ್ದಳು.

“ಇಲಿ ಬಗ್ಗೆ, ಅವ್ವ.”

“ಅವಕ್ಕೂ ಚಾ ಕುಡಿಸ್ಯಾಳೇನ?”

ಲ್ಯಾಬಿನಿಂದ ಬಂದ ಸಂಜೆ ಮತ್ತೆ ಹುಡುಕಿದೆ. ಹೊಸ ಪ್ರಬಂಧವೊಂದಿತ್ತು. ಅವರ ಹೆಸರಿನ ಪಕ್ಕ ಒಂದು ಸಣ್ಣ ಗುರುತು. ಪುಟದ ಕೆಳಗೆ ಅದೇ ಗುರುತಿನ ಮುಂದೆ, ಇದು ಅಚ್ಚಾಗುವ ಮುನ್ನ ಅವರು ತೀರಿಕೊಂಡರೆಂಬ ಒಂದು ಸಾಲು. ಯಾವುದರಿಂದ ಎಂದಿರಲಿಲ್ಲ. ಅಷ್ಟೆಲ್ಲ ಅಳೆದು ಬರೆಯುವವರು ಅದೊಂದನ್ನು ಬಿಟ್ಟಿದ್ದರು.

ಅವ್ವನಿಗೆ ಹೇಳಿದೆ.

“ಕೊನೀಗೆ ಆಕಿ ಜೋಡಿ ಯಾರಿದ್ರೋ?”

ಅದನ್ನೂ ಬರೆದಿರಲಿಲ್ಲ. ಅವರ ಹೆಸರಿನ ಆಚೀಚೆ, ಕೂಡಿ ಬರೆದವರ ಹೆಸರುಗಳಿದ್ದವು. ಯಾವ್ಯಾವ ದೇಶದವರೋ, ನನ್ನ ನಾಲಗೆಗೆ ಹೊರಳುವಂಥವಲ್ಲ. ಒಂದೊಂದಾಗಿ ಎಲ್ಲವನ್ನೂ ಅವ್ವನಿಗೆ ಓದಿ ಹೇಳಿದೆ.