ಹತ್ತು ದಿನದ ಗುಳಿಗೆ

ಆಗೆಲ್ಲ ಮಳೆ ಸುರಿಯುವ ಆಸಾಡಿ ತಿಂಗಳು ಬಂತೆಂದರೆ ತಲ್ಲೂರಿನ ನಮ್ಮ ಮನೆಯ ಮಕ್ಕಳಿಗೆ ಎರಡೇ ಕೆಲಸ. ಜಗಲಿಯಲ್ಲಿ ಕೂತು ಚೆನ್ನೆಮಣೆ ಆಡುವುದು, ಒಳಗಿನಿಂದ ಪತ್ರೊಡೆ ಬೇಯುವ ವಾಸನೆ ಬಂದರೆ ಎದ್ದು ಓಡುವುದು. ಆಟದಲ್ಲಿ ನನ್ನ ಜೋಡಿ ಶಶಿ, ದೊಡ್ಡಮ್ಮನ ಮಗಳು. ಅವಳಿಗೆ ಹತ್ತು ವರ್ಷ, ನನಗೆ ಒಂಬತ್ತು. ಬೀಜ ಕದಿಯುವುದರಲ್ಲಿ ಅವಳು ನಿಸ್ಸೀಮಳು, ಹಿಡಿದು ಜಗಳ ತೆಗೆಯುವುದರಲ್ಲಿ ನಾನು. ದೊಡ್ಡಪ್ಪ ತೀರಿಕೊಂಡಿದ್ದರು, ಅಪ್ಪ ಮುಂಬೈಯ ಹೋಟೆಲಿನಲ್ಲಿದ್ದರು. ಮನೆಯಲ್ಲಿ ದೊಡ್ಡಮ್ಮ ಹೇಳಿದ್ದೇ ಆಗಬೇಕು. ಅಮ್ಮ ಅವರೆದುರು ತಲೆಯೆತ್ತಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಆ ವರ್ಷದ ಮಳೆಗಾಲವನ್ನು ಸವಿನೆನಪು ಎಂದು ಬರೆಯಲು ನನ್ನಿಂದಾಗದು.

ಮೊದಲು ಕೆಮ್ಮು ಬಂತು. ಆಮೇಲೆ ಸುಡುವ ಜ್ವರ, ಉಸಿರೆಳೆದರೆ ಬಲ ಪಕ್ಕೆಯಲ್ಲಿ ಚುಚ್ಚಿದ ಹಾಗೆ ನೋವು. ಅಮ್ಮ ನನ್ನನ್ನು ಬಸ್ಸಿನಲ್ಲಿ ಕುಂದಾಪುರಕ್ಕೆ ಕರೆದೊಯ್ದಳು. ಡಾಕ್ಟರು ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, ನ್ಯುಮೋನಿಯಾ ಎಂದರು. ಕೆಂಪು-ಹಳದಿ ಬಣ್ಣದ ಗುಳಿಗೆ ಬರೆದುಕೊಟ್ಟರು.

“ದಿನಕ್ಕೆ ಮೂರು, ಹತ್ತು ದಿನ. ಜ್ವರ ಬಿಟ್ರೂ ಮದ್ದ್ ಬಿಡುಕಾಗ. ಮೂರನೇ ದಿನಕ್ಕೆ ಮತ್ತೊಮ್ಮೆ ಕರ್ಕಂಡ್ ಬನ್ನಿ, ಎದೆ ಕಾಣ್ಕ್.”

ಮೂರನೇ ದಿನ ಬೆಳಿಗ್ಗೆ ಜ್ವರ ಇಳಿದಿತ್ತು. ಅಮ್ಮ ಹೊರಡಲು ಸೀರೆ ಉಟ್ಟು ನಿಂತಿದ್ದಳು. ದೊಡ್ಡಮ್ಮ ಬಂದು ನನ್ನ ಹಣೆ ಮುಟ್ಟಿ ನೋಡಿದರು.

“ಜ್ವರ ಬಿಟ್ತಲೆ ಲಲಿತಾ. ಇನ್ನೆಂತಕೆ ಕುಂದಾಪ್ರಕ್ಕೆ ಹೋಪ್ದ್?”

“ಡಾಕ್ಟ್ರ್ ಬಪ್ಪುಕೆ ಹೇಳಿರ್ ಅಕ್ಕ. ಹೆಣ್ಣಿಗೆ ಪಕ್ಕೆ ನೋವ್ ಇನ್ನೂ ಇತ್ತ್.”

“ಡಾಕ್ಟ್ರಿಗೆಂತ, ಹೇಳ್ತ್ರ್. ಈ ಇಂಗ್ಲಿಷ್ ಮದ್ದ್ ಸಣ್ಣ ಮಕ್ಕಳ ಹೊಟ್ಟೆ ಸುಟ್ಟ್ ಹಾಕತ್ತ್. ಸಾಕ್ ಇನ್ನ್. ಕಷಾಯ ಮಾಡ್ ಕೊಡ್ತೆ.”

ಗುಳಿಗೆಯ ಪೊಟ್ಟಣವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅಮ್ಮ ಸೀರೆ ಬದಲಿಸಿದಳು.

ಕಾಳುಮೆಣಸು, ಶುಂಠಿ, ಸಾಂಬಾರ ಸೊಪ್ಪು ಎನ್ನುವ ದೊಡ್ಡಪತ್ರೆಯ ಆ ಕಷಾಯದ ಘಾಟು ಇವತ್ತಿಗೂ ನನಗೆ ಆಗದು. ಒಂದು ವಾರ ಕಳೆಯುವಷ್ಟರಲ್ಲಿ ಜ್ವರ ಮರಳಿತು. ಅಮ್ಮ ಎರಡು ಸಲ ಗುಳಿಗೆ ಕೇಳಿದಳು. “ಮಳೆ ಥಂಡಿ, ನಾಕ್ ದಿನಕ್ಕೆ ಹೋತ್ತ್” ಎಂದರೇ ಹೊರತು ದೊಡ್ಡಮ್ಮ ಬೀಗ ತೆಗೆಯಲಿಲ್ಲ. ನಾನು ಮಲಗಲೂ ಆಗದೆ ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದೆ. ಜ್ವರ ಮರಳಿದ ಮೂರನೇ ದಿನ ಅಮ್ಮ ಯಾರನ್ನೂ ಕೇಳದೆ ನನ್ನನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ರಸ್ತೆಗೆ ಬಂದು ಬಸ್ಸಿಗೆ ಕೈ ಅಡ್ಡ ಹಿಡಿದಳು.

ಶ್ವಾಸಕೋಶದ ಸುತ್ತ ಕೀವು ತುಂಬಿತ್ತು. ಆಸ್ಪತ್ರೆಯಲ್ಲಿ ಪಕ್ಕೆಗೆ ತೂತು ಮಾಡಿ ಪೈಪು ಹಾಕಿದರು. ಮಂಚದ ಕೆಳಗಿನ ಬಾಟಲಿಗೆ ಕೀವು ಇಳಿಯುವುದನ್ನು ನೋಡುತ್ತ ಮಲಗಿರುತ್ತಿದ್ದೆ. ಮಗ್ಗುಲು ಬದಲಿಸಿದರೆ ಪ್ರಾಣ ಹೋಗುವ ನೋವು.

ಒಂದು ಮಧ್ಯಾಹ್ನ ದೊಡ್ಡಮ್ಮ ತೂಕುಪಾತ್ರೆಯಲ್ಲಿ ಗಂಜಿ ತಂದರು.

“ದೇವ್ರಿಗೆ ಹೇಳ್ಕಂಡಿದ್ದೆ. ಗುಣ ಆತ್ತ್” ಎಂದರು.

ಅಮ್ಮ ಕೇಳಿದಳು, “ಕಪಾಟಲ್ಲಿಟ್ಟ ಮದ್ದ್ ಎಲ್ಲಿತ್ತ್ ಅಕ್ಕ?”

“ಶಶಿಗೆ ಕೆಮ್ಮಿತ್ತಲೆ, ಅವ್ಳಿಗೆ ಕೊಟ್ಟೆ. ಸುಮ್ನೆ ಹಾಳಾಯ್ಕಾ ಮತ್ತೆ?”

ಅಮ್ಮ ತೂಕುಪಾತ್ರೆಯನ್ನು ದೊಡ್ಡಮ್ಮನ ಕಡೆಗೆ ಸರಿಸಿದಳು. ಆಮೇಲೆ ದನಿ ಏರಿಸದೆಯೇ ಹೇಳಿದಳು:

“ನನ್ ಮಗಳ ಹೊಟ್ಟೆ ಸುಡ್ತ್, ನಿಮ್ ಮಗಳ ಹೊಟ್ಟೆ ಸುಡುದಿಲ್ಯಾ? ಈ ಗಂಜಿ ತಕಂಡ್ ಹೋಯ್ನಿ. ಇನ್ನ್ ಬರ್ಬೇಡಿ.”

ಆಸ್ಪತ್ರೆಯಿಂದ ನಾವು ತಲ್ಲೂರಿಗೆ ಮರಳಲಿಲ್ಲ. ಕೆರಾಡಿಯ ಅಜ್ಜಿಮನೆಗೆ ಹೋದೆವು, ನಾನು ಅಲ್ಲಿಯೇ ಶಾಲೆಗೆ ಸೇರಿದೆ. ಅಮ್ಮ ಸಾಯುವವರೆಗೂ ದೊಡ್ಡಮ್ಮನ ಜೊತೆ ಮಾತಾಡಲಿಲ್ಲ. ನಾನು ಶಶಿಯ ಜೊತೆ ಮಾತಾಡಲಿಲ್ಲ. ನನ್ನ ಮದ್ದು ತಿಂದವಳು ಎಂದು ಅವಳ ಮೇಲೆ ಹಲ್ಲು ಮಸೆಯುತ್ತಲೇ ಬೆಳೆದೆ.

ಕಳೆದ ಮಳೆಗಾಲದಲ್ಲಿ ನನ್ನ ಮಗನಿಗೆ ನ್ಯುಮೋನಿಯಾ ಬಂತು. ಡಾಕ್ಟರು ಐದೇ ದಿನಕ್ಕೆ ಮದ್ದು ಬರೆದರು. ಹತ್ತು ದಿನ ಕೊಡಿ ಎಂದು ನಾನು ಹಟ ಹಿಡಿದೆ. ಅವರು ತಾಳ್ಮೆಯಿಂದ ಹೇಳಿದರು: “ಸಾಧಾರಣ ನ್ಯುಮೋನಿಯಾಕ್ಕೆ ಈಗ ಅಷ್ಟು ಉದ್ದ ಬೇಡಮ್ಮ. ಆದರೆ ಮೂರನೇ ದಿನ ನಾನು ನೋಡಲೇಬೇಕು. ನೋಡಿದ ಮೇಲೆ ಐದೋ ಹೆಚ್ಚೋ ಹೇಳುತ್ತೇನೆ.” ನನ್ನ ಕತೆ ಹೇಳಿ, ಅರ್ಧಕ್ಕೆ ನಿಲ್ಲಿಸಿದ್ದರಿಂದಲೇ ನನಗೆ ಹಾಗಾಯಿತೇ ಎಂದು ಕೇಳಿದೆ. ಇಷ್ಟು ವರ್ಷದ ಮೇಲೆ ಖಚಿತವಾಗಿ ಹೇಳಲಾಗದು ಎಂದರು. ಮಗ ಐದು ದಿನದಲ್ಲೇ ಗುಣವಾದ.

ಈ ಸುದ್ದಿ ದೊಡ್ಡಮ್ಮನ ಕಿವಿಗೂ ಬಿದ್ದಿತ್ತು. ನೆಂಟರ ಮನೆಯ ಮದುವೆಯಲ್ಲಿ ಕುರ್ಚಿಯಿಂದಲೇ ನನ್ನನ್ನು ಕರೆದು, ಸುತ್ತ ಕೂತವರಿಗೆಲ್ಲ ಕೇಳುವ ಹಾಗೆ ಹೇಳಿದರು: “ಈಗ ಐದೇ ದಿನ ಅಂಬ್ರ್ ಅಲ್ದಾ? ನಾನ್ ಅವತ್ತೇ ಹೇಳಿದ್ದೆ. ನಿನ್ನಬ್ಬಿ ಲಲಿತಾ ಕೇಣ್ಲಿಲ್ಲ.”

“ಡಾಕ್ಟ್ರ್ ಎದೆ ಕಂಡ್ ಹೇಳ್ರ್ ದೊಡ್ಡಮ್ಮ. ನೀವ್ ಎದೆ ಕಾಂಬುಕೂ ಬಿಡ್ಲಿಲ್ಲ,” ಎಂದೆ. “ಮತ್ತೆ ಜ್ವರ ಬಂದಾಗ ಕೊಡುಕೆ ಮದ್ದೂ ಇಡ್ಲಿಲ್ಲ.”

ಅವರು ಮುಖ ತಿರುಗಿಸಿದರು. ನಾನು ಕೈ ತೊಳೆಯಲು ಹೊರಗೆ ಬಂದೆ. ಹಿಂದೆಯೇ ಶಶಿ ಬಂದಳು. ಅವಳ ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು.

“ಅದ್ ನಿನ್ ಮದ್ದ್ ಅಂತ ನಂಗ್ ಗೊತ್ತಿತ್ತ್,” ಎಂದಳು. “ಬೇಡ ಅಂದೆ. ಅಬ್ಬಿ ಬಾಯ್ ಒತ್ತಿ ಹಿಡ್ದ್ ನುಂಗ್ಸಿದ್ರ್. ನೀನ್ ಸಾಯ್ತೆ ಅಂತ ಹೆದ್ರಿಕಂಡ್ ಎಷ್ಟ್ ದಿನ ಉಣ್ಲಿಲ್ಲ, ಗೊತ್ತಿತ್ತಾ ನಿಂಗೆ?”

ನನಗೆ ಗೊತ್ತಿರಲಿಲ್ಲ. ಅವಳಿಗೂ ಆಗ ಹತ್ತೇ ವರ್ಷ ಎಂಬುದು ಅದುವರೆಗೆ ನನ್ನ ತಲೆಗೆ ಹೋಗಿರಲೇ ಇಲ್ಲ. ನಲ್ಲಿ ತಿರುಗಿಸಿ ನೀರು ಬಿಟ್ಟು ನಿಂತೆ. ಯಾರೋ ಕರೆದರು, ಅವಳು ಒಳಗೆ ಹೋದಳು.

ದೊಡ್ಡಮ್ಮನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಮನಸ್ಸೂ ಇಲ್ಲ. ನನ್ನ ಮನೆ, ನನ್ನ ಶಾಲೆ, ಅಮ್ಮನ ನೆಮ್ಮದಿ ಎಲ್ಲ ಅವರಿಂದಲೇ ಹೋಯಿತು. ಶಶಿಯನ್ನು ಮಾತ್ರ ಅವರು ಕಸಿದುಕೊಂಡದ್ದಲ್ಲ. ಅವಳನ್ನು ನಾನೇ ಬಿಟ್ಟೆ.