ಬಂದವರಿಗೆ ಕೊಟ್ಟ ನೀರು

೧೯೯೭ರಲ್ಲಿ ನಾನು ನಮ್ಮ ಭಾಗದ ಒಂದು ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ, ಎಕ್ಸ್-ರೇ ವಿಭಾಗದ ದಿನಗೂಲಿ ಅಟೆಂಡರ್ ಆಗಿದ್ದೆ. ಓದಿದ್ದು ಏಳನೇ ತರಗತಿ. ನನ್ನ ಜಾಗ ಡಾರ್ಕ್ ರೂಮ್. ಈಗಿನಂತೆ ಕಂಪ್ಯೂಟರ್ ಪರದೆಯ ಮೇಲೆ ಎಲುಬು ಮೂಡುವ ಕಾಲ ಅದಲ್ಲ. ಕ್ಯಾಸೆಟ್ ಎಂಬ ಚಪ್ಪಟೆ ಪೆಟ್ಟಿಗೆಯಲ್ಲಿ ಫಿಲ್ಮು ಬರುತ್ತಿತ್ತು. ಬಾಗಿಲು ಹಾಕಿಕೊಂಡು, ಮಂದವಾದ ಕೆಂಪು ದೀಪದಲ್ಲಿ ಅದನ್ನು ಬಿಚ್ಚಿ, ಉಕ್ಕಿನ ಚೌಕಟ್ಟಿಗೆ ಸಿಕ್ಕಿಸಿ, ಡೆವಲಪರ್ ದ್ರಾವಣದ ತೊಟ್ಟಿಯಲ್ಲಿ ಇಳಿಬಿಡಬೇಕು. ಮೊದಲು ಏನೂ ಇರುವುದಿಲ್ಲ. ಆಮೇಲೆ ಅಂಚು ಕಪ್ಪಾಗುತ್ತ ಬರುತ್ತದೆ. ಆ ಕಪ್ಪಿನ ನಡುವೆ ಎಲುಬು ಬೆಳ್ಳಗೆ ಉಳಿದುಕೊಳ್ಳುತ್ತದೆ. ಎಷ್ಟೋ ಸಾವಿರ ಫಿಲ್ಮು ತೊಳೆದ ಮೇಲೂ ಆ ಹೊತ್ತಿಗೆ ನಾನು ಉಸಿರು ಬಿಗಿ ಹಿಡಿಯುತ್ತಿದ್ದೆ. ಬದುಕಿರುವ ಮನುಷ್ಯನ ಒಳಗನ್ನು ಡಾಕ್ಟರಿಗಿಂತ ಮೊದಲು ನೋಡುವವನು ನಾನು ಎಂಬುದು ನನಗೆ ಎಂದೂ ರೂಢಿಯಾಗಲಿಲ್ಲ.

ಆ ವರ್ಷ ಎಂ.ಡಿ. ಓದುತ್ತಿದ್ದ ಒಬ್ಬ ಡಾಕ್ಟರಮ್ಮ ತಮ್ಮ ಪ್ರಬಂಧಕ್ಕಾಗಿ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಹಳ್ಳಿಗಳ ಕುಡಿಯುವ ನೀರಿನ ಮೇಲೆ ಸಂಶೋಧನೆ ಕೈಗೊಂಡರು. ಮೈಸೂರು ಕಡೆಯವರು. ನಮ್ಮ ಸೀಮೆಯ ದಾರಿ ಗೊತ್ತಿರುವವನು ಬೇಕೆಂದು ವಾರಕ್ಕೊಮ್ಮೆ ನನ್ನನ್ನು ಡಾರ್ಕ್ ರೂಮಿನಿಂದ ಬಿಡಿಸಿ ಜೀಪಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ನೆಲದಾಳದ ಕಲ್ಲಿನಿಂದ ಫ್ಲೋರೈಡ್ ಎಂಬ ಲವಣ ಬೋರ್‌ವೆಲ್ ನೀರಿಗೆ ಇಳಿಯುತ್ತದೆ ಎಂದು ದಾರಿಯಲ್ಲಿ ನನಗೆ ಬಿಡಿಸಿ ಹೇಳಿದ್ದರು. ಅದು ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳು ಬೀಳುತ್ತವೆ. ಇನ್ನೂ ಹೆಚ್ಚಿದ್ದರೆ ದೊಡ್ಡವರ ಬೆನ್ನು, ಕತ್ತು, ಕೀಲುಗಳು ಬಿಗಿದುಕೊಳ್ಳುತ್ತವೆ. ಈ ರೋಗಕ್ಕೆ ಫ್ಲೋರೋಸಿಸ್ ಎನ್ನುತ್ತಾರೆ. ನೀರಿನಲ್ಲಿ ಫ್ಲೋರೈಡ್ ಇರುವುದು ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೂ ತಿಳಿಯುವುದಿಲ್ಲ.

ಅವರ ಕ್ರಮ ಸರಳವಾಗಿತ್ತು. ಮೊದಲು ಊರಿನ ಮನೆಗಳಿಂದ ಕುಡಿಯುವ ನೀರು ಒಂದೊಂದು ಬಾಟಲಿ ತರುವುದು. ಪರೀಕ್ಷೆಯಲ್ಲಿ ನೀರು ಕೆಟ್ಟದ್ದೆಂದು ಕಂಡ ಊರುಗಳಿಂದ ಮಾತ್ರ ಮೈಕೈ ಹಿಡಿದವರನ್ನು ಕರೆಸಿ ಎಕ್ಸ್-ರೇ ತೆಗೆಸುವುದು. ಆ ಊರುಗಳ ಹೆಸರನ್ನೇ ಸರ್ಕಾರಕ್ಕೆ ಬರೆದು ಬೇರೆ ನೀರು ಕೇಳುವುದು.

ಒಂದು ದಿನ ಸರದಿ ನಮ್ಮ ಅಕ್ಕನ ಊರಿಗೆ ಬಂತು. ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಹೋಗುವಾಗ ಒಳಗೆ ಸಿಗುವ ಸಣ್ಣ ಊರು. ಅಕ್ಕ ಹುಲಿಗೆವ್ವ ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳೇ. ಎರಡು ಮೂರು ವರ್ಷಗಳಿಂದ ಸೊಂಟ ಹಿಡಿಯುತ್ತದೆ ಎನ್ನುತ್ತಿದ್ದಳು. "ಕೆಲಸ ಕಂಡ ಕೂಡ್ಲೆ ಹಿಡೀತೈತಿ ನಿನಗ" ಎಂದು ನಾನು ಛೇಡಿಸುತ್ತಿದ್ದೆ. ಅವಳೂ ನಗುತ್ತಿದ್ದಳು.

ಜೀಪು ನಿಂತದ್ದೇ ತಡ, ಬಾಗಿಲಿಗೆ ಬಂದು ಕೂಗಿದಳು. "ಲೇ ಕೊಟ್ರೇಶ, ಜೀಪಿನ್ಯಾಗ ಬಂದೀಯಲ್ಲೋ! ಸಾಹೇಬ ಆಗೀಯೇನು?" ಅಕ್ಕಪಕ್ಕದವರು ನಕ್ಕರು. ನಾನು ಖಾಕಿ ಅಂಗಿಯ ಕಾಲರು ಸರಿ ಮಾಡಿಕೊಂಡೆ.

ಡಾಕ್ಟರಮ್ಮ ಅವಳ ಕೊನೆಯ ಮಗಳು ರೇಣುಕಾಳ ಬಾಯಿ ತೆಗೆಸಿ ಹಲ್ಲು ನೋಡಿದರು. ಎಂಟು ವರ್ಷದ ಹುಡುಗಿಯ ಹಲ್ಲಿಗೆ ಕಂದು ಪಟ್ಟೆಗಳಿದ್ದವು. ಆಮೇಲೆ ಕೇಳಿದರು: "ಅಮ್ಮಾ, ನೀವು ಕುಡಿಯೋ ನೀರು ಒಂದು ಬಾಟಲಿ ಕೊಡಿ."

ಅಕ್ಕ ಒಳಗೆ ಹೋಗಿ ತಾಮ್ರದ ಕೊಡದಿಂದ ತುಂಬಿ ತಂದಳು.

"ಇದು ಎಲ್ಲಿಯ ನೀರು?"

"ಗೌಡ್ರ ತ್ವಾಟದ ಬಾವೀದ್ರಿ. ಇದನ್ನ ಕುಡಿಯಾದು ನಾವು."

"ಬೋರಿಂಗ್ ನೀರು ಕುಡಿಯೋದಿಲ್ವಾ?"

"ಅಯ್ಯ, ಅದು ದನಕ್ಕ, ಬಟ್ಟಿಗೆ ರೀ."

ಬೋರಿಂಗ್ ಎಂದರೆ ನಮ್ಮ ಕಡೆ ಕೈಪಂಪು. ಅಕ್ಕ ಹೇಳಿದ್ದು ನಿಜವಲ್ಲ. ಆ ಊರಿನಲ್ಲಿ ಎಲ್ಲರೂ ದಿನಾ ಕುಡಿಯುತ್ತಿದ್ದದ್ದು ಕೈಪಂಪಿನ ಉಪ್ಪುಪ್ಪಾದ ಸವಳು ನೀರನ್ನೇ. ಸಿಹಿನೀರಿನ ತೋಟದ ಬಾವಿ ದೂರ. ಬೇಳೆ ಬೇಯಿಸಲು ಮತ್ತು ಮನೆಗೆ ಬಂದವರಿಗೆ ಕೊಡಲು ಮಾತ್ರ ಅಲ್ಲಿಂದ ಒಂದು ಕೊಡ ಹೊತ್ತು ತಂದು ಮುಚ್ಚಿಡುತ್ತಿದ್ದರು. ಮಕ್ಕಳು ಅದನ್ನು ಮುಟ್ಟುವಂತಿರಲಿಲ್ಲ. ಬಂದವರಿಗೆ ಸವಳು ನೀರು ಕೊಡುವುದೆಂದರೆ ಮನೆಯ ಮಾನ ಹೋದಂತೆ. ಡಾಕ್ಟರಮ್ಮ ಬಂದವರು. ನೀರು ಕೇಳಿದರು. ಉಳಿದ ಮನೆಯವರಂತೆ ಅಕ್ಕನೂ ಬಂದವರಿಗೆ ಕೊಡುವ ನೀರನ್ನೇ ಕೊಟ್ಟಳು. ಕೊಡುವಾಗ ಒಮ್ಮೆ ನನ್ನತ್ತ ನೋಡಿದಳು.

ಇದೆಲ್ಲ ನನಗೆ ಗೊತ್ತಿತ್ತು. ನಾನೇ ಆ ಬಾಟಲಿಗೆ ಚೀಟಿ ಅಂಟಿಸಿದೆ. ಬಾಯಿ ಬಿಡಲಿಲ್ಲ. ನೆರೆಯವರ ಮುಂದೆ ಅಕ್ಕನನ್ನು ಸುಳ್ಳುಗಾತಿ ಮಾಡಲು ಮನಸ್ಸಾಗಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಮಾತ್ರ. ನನ್ನ ಅಕ್ಕನ ಮನೆಯವರು ದನ ಕುಡಿಯುವ ನೀರನ್ನೇ ಕುಡಿಯುತ್ತಾರೆ ಎಂದು ಆ ಡಾಕ್ಟರಮ್ಮನಿಗೆ, ಜೀಪಿನ ಡ್ರೈವರಿಗೆ ತಿಳಿಯುವುದು ನನಗೆ ಬೇಡವಾಗಿತ್ತು.

ಹಿಂತಿರುಗುವಾಗ ಡಾಕ್ಟರಮ್ಮ ಯೋಚಿಸುತ್ತ ಹೇಳಿದರು: "ಮಕ್ಕಳ ಹಲ್ಲು ಒಂದು ಹೇಳುತ್ತೆ, ಊರವರು ಇನ್ನೊಂದು ಹೇಳ್ತಾರೆ. ಇರಲಿ, ನೀರೇ ಹೇಳಲಿ." ಬಾಟಲಿಗಳ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು.

ನೀರು ಹೇಳಿದ್ದು ತೋಟದ ಬಾವಿಯ ಮಾತು. ಆ ಊರು 'ಒಳ್ಳೆಯ ನೀರಿನ ಊರು' ಎಂದು ಪಟ್ಟಿಯಿಂದ ಹೊರಗುಳಿಯಿತು.

ಆಗಲೂ ನನಗೆ ಇದರ ತೂಕ ತಿಳಿದಿರಲಿಲ್ಲ. ತಿಳಿದದ್ದು ಡಾರ್ಕ್ ರೂಮಿನಲ್ಲಿ. ಬೇರೆ ಊರುಗಳ ಜನರ ಫಿಲ್ಮುಗಳು ಬರತೊಡಗಿದವು. ಮುಂಗೈಯಲ್ಲಿ ಎರಡು ಎಲುಬು ಅಕ್ಕಪಕ್ಕ ಇರುತ್ತವೆ, ನಡುವೆ ತೆಳುವಾದ ಪೊರೆ. ಆರೋಗ್ಯವಂತರಲ್ಲಿ ಆ ಪೊರೆ ಫಿಲ್ಮಿನಲ್ಲಿ ಕಾಣುವುದೇ ಇಲ್ಲ. ಇವರಲ್ಲಿ ಅದು ಸುಣ್ಣಗಟ್ಟಿ, ಎಲುಬಿನ ಅಂಚಿನಿಂದ ಜಾಲಿಮುಳ್ಳಿನ ಹಾಗೆ ಚಾಚಿಕೊಂಡಿತ್ತು. ಎಲುಬುಗಳು ಎಷ್ಟು ಬೆಳ್ಳಗೆಂದರೆ, ನಾನು ಡೆವಲಪರಿನಿಂದ ಬೇಗ ತೆಗೆದೆನೇನೋ ಎಂದು ಮೊದಲ ದಿನ ಟೆಕ್ನಿಷಿಯನ್ ನನ್ನನ್ನು ಬೈದರು. ಲೋಟದಲ್ಲಿ ತಿಳಿಯಾಗಿ ಕಾಣುವ ನೀರು ಮನುಷ್ಯನೊಳಗೆ ಮುಳ್ಳು ಬೆಳೆಸುತ್ತದೆ ಎಂಬುದನ್ನು ನಾನು ಪುಸ್ತಕದಿಂದ ತಿಳಿಯಲಿಲ್ಲ, ಕೈಯಲ್ಲಿ ಹಿಡಿದು ನೋಡಿದೆ. ಕೂಡಲೇ ಅಕ್ಕನ ಸೊಂಟ ನೆನಪಾಯಿತು.

ಹೇಳಬೇಕಿತ್ತು. ಹೇಳಲಿಲ್ಲ. ಸಂಶೋಧನೆ ಕೆಡಿಸಿದವನೆಂದು ಕೆಲಸದಿಂದ ತೆಗೆದಾರು ಎಂಬ ಭಯ. ನಾಳೆ ಹೇಳೋಣ ಎನ್ನುತ್ತ ಒಂದು ವರ್ಷ ಹತ್ತಿರವಾಯಿತು. ಅಷ್ಟೂ ದಿನ ಆ ಊರು ಕೈಪಂಪು ಒತ್ತಿ ಕುಡಿಯುತ್ತಲೇ ಇತ್ತು.

ಮರುವರ್ಷ ದೀಪಾವಳಿ ಕಳೆದ ಮೇಲೆ ಅಕ್ಕನೇ ಆಸ್ಪತ್ರೆಗೆ ಬಂದಳು. ಬಸ್ಸಿನಿಂದ ಇಳಿಯಲು ಇಬ್ಬರು ಹಿಡಿದುಕೊಳ್ಳಬೇಕಾಯಿತು. ನಾನು ಕರೆದಾಗ ಕತ್ತು ತಿರುಗಿಸಲಿಲ್ಲ, ಇಡೀ ಮೈ ತಿರುಗಿಸಿ ನೋಡಿದಳು.

"ಕುಂದ್ರಾಕ ಬರವಲ್ದೋ ತಮ್ಮ. ಕುಂತ್ರ ಏಳಾಕ ಬರವಲ್ದು. ಈಗರ ನಂಬ್ತೀಯೇನು?"

ಎಲುಬಿನ ವಿಭಾಗದವರು ಬೆನ್ನು ಮತ್ತು ಮುಂಗೈಗೆ ಎಕ್ಸ್-ರೇ ಬರೆದುಕೊಟ್ಟರು. ಫಿಲ್ಮು ನನ್ನ ಕೈಗೇ ಬಂತು. ಬಾಗಿಲು ಹಾಕಿ ತೊಟ್ಟಿಗೆ ಇಳಿಬಿಟ್ಟೆ. ಮೊದಲು ಅಂಚು ಕಪ್ಪಾಯಿತು. ಆಮೇಲೆ ನನಗೆ ಉಣ್ಣಿಸಿದ ಆ ಕೈಯ ಎರಡು ಎಲುಬು ಮೂಡಿದವು. ನಡುವೆ ಮುಳ್ಳು. ಅಷ್ಟು ದೊಡ್ಡ ಮುಳ್ಳನ್ನು ನಾನು ಬೇರೆ ಯಾರ ಫಿಲ್ಮಿನಲ್ಲೂ ನೋಡಿರಲಿಲ್ಲ.

ಇಂಥ ಫಿಲ್ಮು ಬಂದರೆ ತಮಗೆ ತೋರಿಸಬೇಕೆಂದಿದ್ದ ಡಾಕ್ಟರಮ್ಮ ಅದನ್ನು ಬೆಳಕಿನ ಪೆಟ್ಟಿಗೆಗೆ ಹಚ್ಚಿ ನೋಡಿದರು. ಊರು ಕೇಳಿದರು. ನಾನು ಹೇಳಿದೆ.

"ಆ ಊರಿನ ನೀರು ಚೆನ್ನಾಗಿದೆಯಲ್ಲ! ಹಾಗಾದರೆ ನಾನು ಬರೀತಿರೋದೇ ತಪ್ಪಾ? ಇವರಿಗೆ ಇರೋದು ಬೇರೆ ಯಾವುದಾದ್ರೂ ಕಾಯಿಲೆನಾ?"

ಅವರ ಮುಖದಲ್ಲಿ ನಿಜವಾದ ಗಾಬರಿ ಇತ್ತು. ಇಲ್ಲದ ರೋಗಕ್ಕೆ ಅಕ್ಕನಿಗೆ ಔಷಧಿ ಶುರುವಾಗುತ್ತದೆ, ಮತ್ತೆ ಊರಿಗೆ ಹೋಗಿ ಅದೇ ನೀರು ಕುಡಿಯುತ್ತಾಳೆ, ರೇಣುಕಾಳೂ ಕುಡಿಯುತ್ತಾಳೆ. ಅಷ್ಟು ನನಗೆ ಹೊಳೆಯಿತು.

"ಮೇಡಂ, ಅದು ಬಂದೋರಿಗೆ ಕೊಡೋ ನೀರ್ರಿ" ಎಂದೆ. "ಅವ್ರು ಕುಡಿಯಾದು ಬೋರಿಂಗ್ ನೀರು. ನನಗ ಅವತ್ತೇ ಗೊತ್ತಿತ್ರಿ. ಈ ಕೈ ನಿಮಗ ನೀರು ಕೊಟ್ಟ ನಮ್ಮಕ್ಕಂದು ರೀ."

ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವರು ಕುರ್ಚಿ ಎಳೆದು ಕುಳಿತರು. ಕೇಳಿದ್ದು ಒಂದೇ: "ಅವರ ಮನೇಲಿ ಮಾತ್ರನಾ, ಎಲ್ಲ ಊರಲ್ಲೂ ಹೀಗೇನಾ?"

"ಸವಳು ನೀರಿನ ಊರಿಗೆ ಒಂದು ಸಿಹಿನೀರಿನ ಬಾವಿ ಇದ್ರ, ಎಲ್ಲಾ ಕಡೆ ಹಿಂಗ ರೀ."

"ಹಾಗಾದರೆ ಎಲ್ಲ ಬಾಟಲಿನೂ ಬಿಸಾಕಬೇಕು, ಕೊಟ್ರೇಶ್. ಮೊದಲಿಂದ ಶುರು ಮಾಡೋಣ."

ಒಂದು ವರ್ಷದ ಓಡಾಟವನ್ನು ಅವರು ಹೀಗೆ ಪಕ್ಕಕ್ಕಿಟ್ಟರು. ಪ್ರಬಂಧ ಒಪ್ಪಿಸುವ ದಿನ ದೂರವಿರಲಿಲ್ಲ. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಓದಿದವರನ್ನು ಕಂಡು ನಾನು ಬಹಳ ಸಲ ಹೆದರಿದ್ದೇನೆ. ಕೈ ಮುಗಿಯಬೇಕು ಅನ್ನಿಸಿದ್ದು ಅವತ್ತು.

ಎರಡನೇ ಸಲ ಹೋದಾಗ ಅವರು ಯಾರ ಮನೆಯಲ್ಲೂ ನೀರು ಕೇಳಲಿಲ್ಲ. ಅಕ್ಕನ ಮನೆಯಲ್ಲಿ ಜಗುಲಿಯ ಮೇಲೆ ಕುಳಿತು ಅದೂ ಇದೂ ಮಾತಾಡಿದರು. ಆಡಿ ಬೆವೆತ ರೇಣುಕಾ ಒಳಗೆ ಓಡಿದಳು, ಪ್ಲಾಸ್ಟಿಕ್ ಕೊಡದಲ್ಲಿ ಲೋಟ ಅದ್ದಿದಳು. ಡಾಕ್ಟರಮ್ಮ ಎದ್ದು ಹಿಂದೆಯೇ ಹೋದರು.

"ಲೇ, ಅದಲ್ಲ, ತಾಮ್ರದ ಕೊಡದಾಗಿಂದು ಕುಡಿ!" ಅಕ್ಕ ಗದರಿದಳು.

"ಅದು ಸಾಹೇಬ್ರು ಬಂದಾಗಿಂದಲ್ಲೇನವ್ವ? ಮುಟ್ಟಿದ್ರ ಬಡೀತೀ ಮತ್ತ."

ಡಾಕ್ಟರಮ್ಮ ನಗು ತಡೆದುಕೊಂಡು, ಹುಡುಗಿಯ ಲೋಟದಿಂದಲೇ ಬಾಟಲಿ ತುಂಬಿದರು. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಆ ನೀರಿನ ಫಲಿತಾಂಶ ಅಕ್ಕನ ಎಲುಬು ಹೇಳಿದ್ದನ್ನೇ ಹೇಳಿತು. ಬಿಟ್ಟುಹೋಗಿದ್ದ ಎಷ್ಟೋ ಊರುಗಳು ಮತ್ತೆ ಪಟ್ಟಿಗೆ ಸೇರಿದವು. ಅಕ್ಕನ ಊರಿನಲ್ಲಿ ಕುಡಿಯಬಾರದೆಂದು ಕೈಪಂಪಿಗೆ ಕೆಂಪು ಬಣ್ಣ ಬಳಿದರು. ಮುಂದೆ ತೋಟದ ಬಾವಿ ಕಡೆಯಿಂದ ಪೈಪು ಬಂತು.

ಪ್ರಬಂಧ ಮುಗಿದ ಮೇಲೆ ಡಾಕ್ಟರಮ್ಮ ಕಾಲೇಜಿನ ಸಭಾಂಗಣದಲ್ಲಿ ಅದನ್ನು ವಿವರಿಸಿದರು. ದೀಪ ಆರಿಸಿ ಹಚ್ಚುವುದು ನನ್ನ ಕೆಲಸ. ಕತ್ತಲಲ್ಲಿ ಸ್ಲೈಡು ಬಿತ್ತು. ಹೆಸರಿರಲಿಲ್ಲ. ಆದರೆ ಆ ಮುಂಗೈಯನ್ನು ನಾನು ಗುರುತಿಸಿದೆ. ಆಳೆತ್ತರಕ್ಕೆ, ಗೋಡೆ ತುಂಬ ನನ್ನ ಅಕ್ಕನ ಕೈ. ಕುಳಿತಿದ್ದ ದೊಡ್ಡ ಡಾಕ್ಟರುಗಳೆಲ್ಲ ಮುಂದೆ ಬಾಗಿ ನೋಡಿದರು. ಒಬ್ಬ ಪ್ರೊಫೆಸರು, ಮೊದಲ ಸಲ ನೀರು ಏಕೆ ತಪ್ಪಾಯಿತು ಎಂದು ಕೇಳಿದರು.

"ನಾನು ಕೇಳಿದ ರೀತಿ ತಪ್ಪಾಗಿತ್ತು ಸರ್. ನಮ್ಮ ಅಟೆಂಡರ್ ಕೊಟ್ರೇಶ್ ತಿದ್ದಿದರು."

ಎಲ್ಲರೂ ಸ್ವಿಚ್ಚಿನ ಬಳಿ ನಿಂತಿದ್ದ ನನ್ನತ್ತ ತಿರುಗಿ ಚಪ್ಪಾಳೆ ತಟ್ಟಿದರು. ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ ಎಂದು ಆಗಲೂ ನಾನು ಹೇಳಲಿಲ್ಲ. ತಲೆ ಬಾಗಿಸಿ ಚಪ್ಪಾಳೆ ತೆಗೆದುಕೊಂಡೆ. ಮುಂದೆ ನನ್ನ ಕೆಲಸ ಕಾಯಂ ಆದಾಗಲೂ, ನಾನು ತಿದ್ದಿದೆ ಎಂಬ ಆ ಮಾತನ್ನೇ ಯಾರೋ ಎತ್ತಿ ಹೇಳಿದರು.

ಸಭೆ ನಡೆದ ವಾರದ ಭಾನುವಾರ ಅಕ್ಕನ ಊರಿಗೆ ಹೋಗಿ ಅವಳಿಗೆ ಅಲ್ಲಿನ ಸಂಗತಿ ಹೇಳಿದೆ. ಅವಳು ತನ್ನ ಮುಂಗೈಯನ್ನು ಎತ್ತಿ, ತಿರುಗಿದಷ್ಟು ತಿರುಗಿಸಿ ನೋಡಿಕೊಂಡಳು.

"ಈ ಕೈ ನೋಡಾಕ ಅಷ್ಟು ಮಂದಿ ಡಾಕ್ಟ್ರು ಕುಂತಿದ್ರಾ? ಬಳಿ ಹಾಕ್ಕೊಂಡು ಹೋಗಬೇಕಿತ್ತು ಹಂಗಾರ."

ನಗುತ್ತಿರುವಾಗಲೇ ಉಳಿದದ್ದನ್ನೂ ಹೇಳಿಬಿಟ್ಟೆ. ಫಿಲ್ಮು ನೋಡಿ ತಿಳಿದ ಮೇಲೂ ಸುಮ್ಮನಿದ್ದದ್ದನ್ನು. ಅವಳ ನಗು ನಿಂತಿತು.

"ಅವತ್ತು ಮಂದಿ ಮುಂದ ನೀನು ಅಂದಿದ್ರ ನಾನು ನಾಚಿಕಿಗೆ ಸಾಯ್ತಿದ್ದೆ" ಎಂದಳು. ಎತ್ತಿದ ಕೈ ಇಳಿಸಿ, "ಆದ್ರೂ ಅನಬೇಕಿತ್ತೋ ತಮ್ಮ. ನನ್ನ ಮಗಳು ಕುಡೀತಿದ್ಲು" ಎಂದಳು.

ರೇಣುಕಾಳ ಹಲ್ಲಿನ ಪಟ್ಟೆ ಹೋಗಲಿಲ್ಲ, ಆದರೆ ಬೆನ್ನು ನೆಟ್ಟಗಿದೆ. ಅಕ್ಕನ ನೋವು ಸ್ವಲ್ಪ ತಗ್ಗಿತು. ಕತ್ತು ಮತ್ತೆ ತಿರುಗಲಿಲ್ಲ. ಆ ಒಂದು ವರ್ಷದಿಂದ ಹೆಚ್ಚು ವ್ಯತ್ಯಾಸವಾಗಿರಲಿಕ್ಕಿಲ್ಲ, ಅದು ಬಹಳ ವರ್ಷಗಳ ನೀರು ಎಂದು ಡಾಕ್ಟರಮ್ಮ ನನಗೆ ಸಮಾಧಾನ ಹೇಳಿದ್ದರು. ಇರಬಹುದು. ಆದರೂ ಆ ವರ್ಷ ಅವಳು ಕೈಪಂಪಿನಿಂದ ಹೊತ್ತ ಕೊಡಗಳು ನನ್ನ ಲೆಕ್ಕದಲ್ಲೇ ಇವೆ.

ಡಾರ್ಕ್ ರೂಮ್ ನನಗೆ ಕಲಿಸಿದ್ದು ಇಷ್ಟು. ಯಂತ್ರಕ್ಕೆ, ಪರೀಕ್ಷೆಗೆ, ಎಷ್ಟು ಓದಿದ ಡಾಕ್ಟರಿಗೇ ಆಗಲಿ, ಮುಂದೆ ಇಟ್ಟದ್ದು ಮಾತ್ರ ಕಾಣುತ್ತದೆ. ಇಡಬೇಕಾದವರು ನಮ್ಮಂಥವರು. ಗೊತ್ತಿದ್ದೂ ನಾನು ಇಡಲಿಲ್ಲ. ಆ ಚಪ್ಪಾಳೆ ನನ್ನದಲ್ಲ ಎಂದು ಆ ಸಭೆಯಲ್ಲಿ ಹೇಳಬೇಕಾಗಿದ್ದ ಮಾತನ್ನು ಇಲ್ಲಿ ಬರೆದಿದ್ದೇನೆ.